ತಡವಾಗಿ ಬಿತ್ತಿದ ಗೋದಲಿ

ಡಿಸೆಂಬರ್ ಇಪ್ಪತ್ತಾರಕ್ಕೇ ನಕ್ಷತ್ರ ಇಳಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಬ್ಬವೇನು ಉಂಡೆದ್ದ ಎಲೆಯೇ, ಕೂಡಲೇ ಎತ್ತಿ ಬಿಸಾಡಲಿಕ್ಕೆ? ಮಣಿಪಾಲದ ನಮ್ಮ ಕಚೇರಿಯಲ್ಲಿ ಮರುದಿನವೇ ಹಬ್ಬ ಹೇಗೆ ಮುಗಿಯಿತು ಎಂದು ಕೇಳುತ್ತಾರೆ. ಮುಗಿದಿಲ್ಲ, ಈಗಷ್ಟೇ ಶುರುವಾಯಿತು ಎನ್ನುತ್ತೇನೆ. ಇನ್ನೊಂದು ರಜೆಗೆ ಪೀಠಿಕೆ ಹಾಕುತ್ತಿದ್ದಾಳೆ ಎಂದು ಅವರು ನಗುತ್ತಾರೆ.

ಕಲ್ಯಾಣಪುರದ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಜನವರಿ ಆರರ ಮೂರು ರಾಯರ ಹಬ್ಬದ ತನಕ. ಈ ಕಾಯಿದೆ ಅಮ್ಮನದು. ಬಾಲಯೇಸುವಿನ ಕೊಟ್ಟಿಗೆ ಕಟ್ಟಿದ ಗೋದಲಿಯ ಒಂದು ತುದಿಯಲ್ಲಿ, ಮಗುವನ್ನು ಕಾಣಲು ಹೊರಟ ಮೂವರು ರಾಯರು ಒಂಟೆಗಳೊಂದಿಗೆ ನಿಂತಿರುತ್ತಾರೆ. ದಿನಾ ಸಂಜೆ ಜಪಸರ ಮುಗಿದ ಮೇಲೆ ಅಮ್ಮ ಅವರನ್ನು ಬೆರಳಿನಷ್ಟು ಮುಂದೆ ಸರಿಸುತ್ತಾಳೆ. ಅವರು ಮಗುವಿನ ಎದುರು ತಲುಪುವವರೆಗೆ ಒಂದು ಬಲ್ಬನ್ನೂ ಯಾರೂ ಮುಟ್ಟುವಂತಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಅಮ್ಮನಿಂದ ಒಂದು ಎಡವಟ್ಟಾಯಿತು. ತಟ್ಟೆಗಳಲ್ಲಿ ಮಣ್ಣು ತುಂಬಿ, ಭತ್ತ ಬಿತ್ತಿ, ಹಬ್ಬದ ಹೊತ್ತಿಗೆ ಗೋದಲಿಯ ಸುತ್ತ ಎಳೆ ಪೈರು ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಅಮ್ಮ ಭತ್ತ ನೆನೆಸಿಟ್ಟಳು, ಮರೆತಳು. ಹಿತ್ತಲಿನ ಕಟ್ಟೆಯ ಮೇಲೆ ಅದು ಹುಳಿತು ನಾರುವಾಗ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಹೊಸದಾಗಿ ನೆನೆಸಿ ಬಿತ್ತಿದ್ದಾಯಿತು. ಕ್ರಿಸ್ಮಸ್ ರಾತ್ರಿ ನಮ್ಮ ಗೋದಲಿಯಲ್ಲಿ ಬರೀ ಕೆಂಪು ಮಣ್ಣು.

ಕಾರ್ಕಳದಿಂದ ಹೆಂಡತಿ ಮಕ್ಕಳೊಂದಿಗೆ ಬಂದ ಅಣ್ಣ ಅದನ್ನು ನೋಡಿದವನೇ ಉಡುಪಿಗೆ ಹೋಗಿ ಪ್ಲಾಸ್ಟಿಕ್ ಹುಲ್ಲಿನ ಹಾಸು ತಂದ. ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: “ಅಮ್ಮನಿಗೆ ಇನ್ನು ಆಗುವುದಿಲ್ಲ ಮಾರಾಯ್ತಿ. ಬರುವ ವರ್ಷದಿಂದ ಗೋದಲಿ ಕಾರ್ಕಳದಲ್ಲಿಯೇ ಕಟ್ಟುವ.” ಅಮ್ಮನ ಮರೆವು ನನಗೆ ಗೊತ್ತಿಲ್ಲದ್ದೇನಲ್ಲ. ಒಲೆ ಆರಿಸಿದ್ದಾಳೋ ಇಲ್ಲವೋ ಎಂದು ದಿನಾ ನೋಡುವವಳು ನಾನು. ಆದರೂ ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಕೈಯಿಂದ ಗೋದಲಿ ತೆಗೆದರೆ ಮತ್ತೆ ಅವಳಿಗೆ ಈ ಮನೆಯಲ್ಲಿ ಉಳಿಯುವುದು ಎಂತ, ಮಾತ್ರೆ ಡಬ್ಬಿಯಾ? ಆ ಹಾಸನ್ನು ಕೊಂಡುಹೋಗಿ ಹೊಸ್ತಿಲಿನ ಹೊರಗೆ ಕಾಲೊರೆಸಲು ಹಾಕಿದೆ. ಚೆನ್ನಾಗಿಯೇ ಒರೆಸುತ್ತಿತ್ತು.

ಬೋಳು ಗೋದಲಿ ನೋಡಿದ ನೆಂಟರು ಹಬ್ಬದ ತಿಂಡಿಗಳ ಕುಸ್ವಾರಿನ ತಟ್ಟೆಯಿಂದ ನೆವ್ರಿ ತಿನ್ನುತ್ತಾ ಮುಖ ಮುಖ ನೋಡಿಕೊಂಡರು. ಅಮ್ಮ ಮಾತ್ರ, ರಾಯರು ಬರುವುದೇ ಮರುಭೂಮಿಯಿಂದ, ಸ್ವಲ್ಪ ದಿನ ಮರುಭೂಮಿಯೇ ಇರಲಿ ಎಂದಳು.

ಹೊಸ ವರ್ಷ ಬಂತು. ಅಕ್ಕಪಕ್ಕದ ನಕ್ಷತ್ರಗಳು ಒಂದೊಂದಾಗಿ ಇಳಿದವು. ಗೋದಲಿ ಬಿಚ್ಚಿ ಪೆಟ್ಟಿಗೆಗೆ ಹಾಕಿದೆಯಾ, ಕೊಂಡುಹೋಗಲು ಬರಲಾ ಎಂದು ಅಣ್ಣ ಫೋನಿನಲ್ಲಿ ಕೇಳಿದ. ರಾಯರು ಇನ್ನೂ ದಾರಿಯಲ್ಲಿದ್ದಾರೆ, ಅವರು ತಲುಪಿದ ದಿನ ಬಾ ಎಂದು ಫೋನಿಟ್ಟೆ. ಕಚೇರಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಪೈರು ನೋಡುತ್ತಿದ್ದೆ. ಪ್ರಾರ್ಥನೆಯಲ್ಲಿ ನಾನು ಬೇಡಿದ್ದೂ ಅದನ್ನೇ: ದೇವರೇ, ಈ ಭತ್ತದ ವಿಷಯದಲ್ಲಿ ನನ್ನ ಮಾನ ಉಳಿಸು.

ಮೂರು ರಾಯರ ಹಬ್ಬದ ಸಂಜೆ ಅಣ್ಣ ಬಂದಾಗ ಪೈರು ಗೇಣುದ್ದ ಬೆಳೆದು ನಿಂತಿತ್ತು. ಒಂಟೆಗಳು ಕಾಣುತ್ತಿರಲಿಲ್ಲ. ರಾಯರ ಕಿರೀಟ ಮಾತ್ರ ಹಸಿರಿನ ಮೇಲೆ ತೇಲಿದ ಹಾಗೆ ಇತ್ತು. ಅಣ್ಣ ಮಂಡಿಯೂರಿದ.

ಅಮ್ಮ ಜಪಸರ ಶುರುಮಾಡಿದಳು. ನಡುವೆ ಒಂದು ಕಡೆ ದನಿ ನಿಂತಿತು. ಬೆರಳು ಮಣಿಯ ಮೇಲೆಯೇ ಇತ್ತು, ಮುಂದಿನ ಮಾತು ಬರಲಿಲ್ಲ. ಹೇಳಿಕೊಡಲು ಅಣ್ಣ ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ. ಕಾದೆವು.

ಅಮ್ಮ ತಿರುಗಿ ಅಣ್ಣನನ್ನು ನೋಡಿದಳು. “ಅವಸರ ಎಂತಕ್ಕೆ? ನಿನಗೆ ಬಸ್ಸು ಉಂಟಾ?” ಎಂದು, ಬಿಟ್ಟ ಮಣಿಯಿಂದಲೇ ಮುಂದುವರಿಸಿ ಕೊನೆ ಮುಟ್ಟಿಸಿದಳು. ಆಮೇಲೆ ರಾಯರನ್ನು ಮಗುವಿನ ಎದುರಿಗೆ ಸರಿಸಿದಳು.

ಹೊರಡುವಾಗ ಅಣ್ಣ ಖಾಲಿ ಪೆಟ್ಟಿಗೆಯ ಕಡೆ ನೋಡಿದ. ಗೋದಲಿ ಇಲ್ಲಿಯೇ ಇರುತ್ತದೆ ಎಂದೆ. ಹುಲ್ಲಿನ ಹಾಸು ಬೇಕಾದರೆ ಕೊಂಡುಹೋಗು, ತೊಳೆದು ಕೊಡುತ್ತೇನೆ ಎಂದೂ ಹೇಳಿದೆ. ಅವನಿಗೆ ನಗು ಬಂತು, ಕಣ್ಣೂ ತುಂಬಿತು.

ಮರೆವು ಹೆಚ್ಚುತ್ತದೆ, ಗೊತ್ತುಂಟು. ಬರುವ ಸಲ ಅಮ್ಮ ಜನವರಿಯಲ್ಲಿ ಭತ್ತ ನೆನೆಸಿದರೆ ನಮ್ಮ ಕ್ರಿಸ್ಮಸ್ ಫೆಬ್ರವರಿಯವರೆಗೆ ನಡೆಯುತ್ತದೆ. ರಾಯರು ಕಾಯಲಿ.