ಹನ್ನೊಂದು ದಿನ ತುಂಬದ ಜನ

ಪೂವಕ್ಕ ಗಲ್ಫಿನ ಅಲ್ ವಕ್ರಾಕ್ಕೆ ಬಂದದ್ದು ಮಗ ಕೃತಿಕ್‌ನ ಫ್ಯಾಮಿಲಿ ವೀಸಾದಲ್ಲಿ, ಅವನ ಫ್ಲ್ಯಾಟಿನಲ್ಲಿ ಸುಮ್ಮನೆ ಕೂತು ಮುಪ್ಪಾಗಲು. ಒಂದು ತಿಂಗಳು ಕೂತಳು. ಅಷ್ಟರಲ್ಲಿ ಪಕ್ಕದ ಕಟ್ಟಡದಲ್ಲಿ ಬಂಟ್ವಾಳದ ಹುಡುಗಿಯೊಬ್ಬಳು ಹೆತ್ತಳು, ಅವಳ ತಾಯಿಗೆ ವೀಸಾ ಸಿಗಲಿಲ್ಲ, ಪೂವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಅಲ್ಲಿ ನಡೆಯಲಿದ್ದ ಫುಟ್‌ಬಾಲ್ ವಿಶ್ವಕಪ್‌ಗೆ ನಾಲ್ಕು ವರ್ಷ ಬಾಕಿ ಇರುವಾಗ ಅವಳು ಹದಿನೇಳನೆಯ ಬಾಣಂತನದಲ್ಲಿದ್ದಳು. ಎಣ್ಣೆ, ಬಿಸಿನೀರು, ಕಾಳುಮೆಣಸಿನ ಸಾರು, ಇಷ್ಟರಲ್ಲೇ ಎಂಥ ಎಂಜಿನಿಯರ್ ಹೆಂಗಸನ್ನೂ ಬಾಯಿ ಮುಚ್ಚಿಸಿ ನಲವತ್ತು ದಿನ ಮಲಗಿಸುತ್ತಿದ್ದಳು.

ಬಾಣಂತಿಯರು "ನಿಮಗೆಷ್ಟು ಮಕ್ಕಳು?" ಎಂದು ಕೇಳುವುದೊಂದೇ ಅವಳಿಗೆ ಆಗದ ವಿಷಯ. "ಒಬ್ಬ" ಎಂದು ಹೇಳಿ ಅವರ ನೆತ್ತಿಗೆ ಎಣ್ಣೆಯನ್ನು ಇನ್ನಷ್ಟು ಗಟ್ಟಿಯಾಗಿ ತಿಕ್ಕುತ್ತಿದ್ದಳು. ಕೃತಿಕ್‌ಗಿಂತ ಮೊದಲು ಒಂದು ಹೆಣ್ಣು ಹುಟ್ಟಿ ಒಂಬತ್ತನೇ ದಿನ ಹೋಗಿತ್ತು. ಹನ್ನೊಂದಕ್ಕೆ ಪುಣ್ಯಾಹವಾಗಿ ಹೆಸರಿಡುವ ಮೊದಲೇ ಹೋದದ್ದು ಲೆಕ್ಕಕ್ಕಿಲ್ಲ ಎಂದು ಅತ್ತೆ ಅವತ್ತೇ ತೀರ್ಪು ಕೊಟ್ಟಿದ್ದಳು. ಮೂವತ್ತಾರು ವರ್ಷ ಪೂವಕ್ಕ ಆ ತೀರ್ಪನ್ನು ಪಾಲಿಸಿದಳು.

ಹದಿನೇಳನೆಯ ಮನೆ ಧನಂಜಯನದು. ಮೈಸೂರಿನವನು. ಈ ದೇಶದಲ್ಲಿ ಮುಂದಿನ ವರ್ಷ ಎಷ್ಟು ಜನ ಇರುತ್ತಾರೆಂದು ಹೇಳುವುದಕ್ಕೆ ಮುಶೈರಿಬ್ ಬಡಾವಣೆಯ ಒಂದು ಕನ್ಸಲ್ಟೆನ್ಸಿ ಅವನಿಗೆ ಸಂಬಳ ಕೊಡುತ್ತಿತ್ತು. ಹೆಂಡತಿ ಅಮೂಲ್ಯಾ ಹೆತ್ತು ಐದು ದಿನವಾಗಿತ್ತು. ಊಟಕ್ಕೆ ಕೂತವನು ಪೂವಕ್ಕನಿಗೆ ತನ್ನ ವಿದ್ಯೆಯ ಪಾಠ ಮಾಡಿದ.

"ಹುಟ್ಟಿದೋರನ್ನ ಕೂಡ್ಸಿ, ಸತ್ತೋರನ್ನ ಕಳೀರಿ. ಬಂದೋರನ್ನ ಕೂಡ್ಸಿ, ಹೋದೋರನ್ನ ಕಳೀರಿ. ಅಷ್ಟೇ."

"ಇದಕ್ಕೆ ಎಂಎಸ್ಸಿ ಬೇಕಾಯ್ತಾ ಮಾರಾಯ್ರೆ?" ಪೂವಕ್ಕ ಅನ್ನ ಬಡಿಸಿದಳು. "ಸ್ಟೇಡಿಯಂ ಕಟ್ಲಿಕ್ಕೆ ವಿಮಾನ ತುಂಬ ಗಂಡಸರು ಬರ್ತಾರೆ. ಒಂದು ಹೆಂಗಸಿಗೆ ಮೂರು ಗಂಡಸರು ಉಂಟು ಇಲ್ಲಿ. ಕ್ಯಾಂಪಿನಲ್ಲಿ ಅವರೇ ಹೆರ್ತಾರಾ? ಜನ ಹೆಚ್ಚಾಗುದು ಏರ್‌ಪೋರ್ಟಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ ಅಲ್ಲ. ಶಾಲೆಗೆ ರಜೆ ಸಿಕ್ಕಿದ ಕೂಡ್ಲೆ ಅರ್ಧ ಬಿಲ್ಡಿಂಗ್ ಖಾಲಿ. ನಿಮ್ಮ ಕಂಪ್ಯೂಟರ್ ಮಹಾಮಾರಿ ಬಂತು ಅಂತ ಹೆದರ್ಲಿಲ್ವಾ?"

ಧನಂಜಯ ಅನ್ನಕ್ಕೆ ಮೊಸರು ಕಲಸಿಕೊಂಡ. ಅವನ ಮೂವತ್ತು ಪುಟದ ವರದಿಯೂ ಅದನ್ನೇ ಹೇಳುತ್ತಿತ್ತು, ಬಣ್ಣದ ಗ್ರಾಫುಗಳ ಸಮೇತ.

ಮರುದಿನ ಅವನ ಆಫೀಸಿನ ಸರ್ವೆ ಅದೇ ಕಟ್ಟಡಕ್ಕೆ ಬಂತು. ಫಾರಂ ಹಿಡಿದು ಬಂದವಳು ಮಂಗಳೂರಿನ ಎಡ್ನಾ. ಧನಂಜಯ ಕೆಲಸಕ್ಕೆ ಹೋಗಿದ್ದ, ಅಮೂಲ್ಯಾ ಮಿಂದು ಮುಸುಕು ಹಾಕಿ ಮಲಗಿದ್ದಳು. ಬಾಗಿಲು ತೆರೆದದ್ದು ಪೂವಕ್ಕ.

"ಮನೆಯಲ್ಲಿ ಎಷ್ಟು ಜನ?"

"ಮೂರು. ಗಂಡ, ಹೆಂಡತಿ, ನಾನು."

ಒಳಗೆ ಮಗು ಕಿರುಚಿತು. ಎಡ್ನಾ ಪೆನ್ನು ಎತ್ತಿದಳು.

"ಅದು ಈಗ ಬೇಡ. ಆರು ದಿನ ಆದದ್ದಷ್ಟೆ. ಹನ್ನೊಂದಾಗ್ಲಿ, ಹೆಸರಿಡ್ಲಿ, ಮತ್ತೆ ಬರೀರಿ."

ಎಡ್ನಾಳ ಧರ್ಮ ಬೇರೆಯಾದರೂ ಊರು ಅದೇ. ಇಂಥ ಅಕ್ಕಂದಿರ ಜೊತೆ ವಾದಕ್ಕೆ ಇಳಿಯಬಾರದೆಂದು ಅವಳಿಗೆ ಗೊತ್ತಿತ್ತು. ಮೂರು ಎಂದೇ ಬರೆದಳು.

ಸಂಜೆ ಧನಂಜಯ ಕೆಂಡವಾಗಿ ಮನೆಗೆ ಬಂದ. ಆಫೀಸಿನ ಪರದೆಯಲ್ಲಿ ಅವನದೇ ಫ್ಲ್ಯಾಟಿನ ಮುಂದೆ, ಈ ವರ್ಷದ ಜನನ: ಸೊನ್ನೆ. "ಇಡೀ ದೇಶ ಎಣಿಸೋನು ನಾನು. ನನ್ನ ಮಗಳೇ ಇಲ್ವಂತೆ!" ಅಮೂಲ್ಯಾ ಹೊಲಿಗೆ ನೋಯುವಷ್ಟು ನಕ್ಕಳು.

ಶುಕ್ರವಾರ, ಧನಂಜಯನಿಗೆ ರಜೆಯ ದಿನ, ಎಡ್ನಾ ತಿದ್ದುಪಡಿಗೆ ಬಂದಳು. ಮೂರು ನಾಲ್ಕಾಯಿತು. ಆಮೇಲೆ ಹೆಂಗಸರ ಪುಟ ತೆರೆದಳು. ಅಮೂಲ್ಯಾಗೆ ಒಂದು ಮಗು, ಸರಿ. ಮನೆಯಲ್ಲಿ ಉಳಿದಿರುವ ಎಲ್ಲ ಹೆಂಗಸರನ್ನೂ ಕೇಳಬೇಕಿತ್ತು.

"ಅಕ್ಕ, ನಿಮಗೆ ಹುಟ್ಟಿದ ಮಕ್ಕಳು ಎಷ್ಟು?"

"ಒಬ್ಬ. ಖಲಾಸ್."

ಎಡ್ನಾ ಎಲ್ಲರಿಗೂ ಓದುವುದನ್ನೇ ಓದಿದಳು. "ಹುಟ್ಟಿ ಒಂದೇ ದಿನ ಇದ್ದು ಹೋದದ್ದನ್ನೂ ಸೇರಿಸ್ಬೇಕು ಅಂತ ಉಂಟು ಇಲ್ಲಿ."

ಪೂವಕ್ಕ ಧನಂಜಯನ ಕಡೆ ತಿರುಗಿದಳು. "ಎಂತಕ್ಕೆ? ಬಂತು, ಹೋಯ್ತು. ಸೊನ್ನೆ ಅಲ್ವಾ?"

ಅವನು ಪಾಠಕ್ಕೆ ಬಾಯಿ ತೆರೆದವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಸೊನ್ನೆ ಅಲ್ಲ ಪೂವಕ್ಕ. ಮೊದ್ಲು ಒಂದು ಕೂಡ್ಸ್ಬೇಕು, ಆಮೇಲೆ ಕಳೀಬೇಕು. ಕೂಡ್ಸದೆ ಕಳೆಯಕ್ಕಾಗಲ್ಲ."

ಆ ಮನೆಯಲ್ಲಿ ಪೂವಕ್ಕ ಕೈಯಲ್ಲಿ ಕೆಲಸವಿಲ್ಲದೆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ಹಾಗಾದ್ರೆ ಎರಡು," ಎಂದಳು. "ಆದ್ರೆ ಅದಕ್ಕೆ ಹೆಸರಿಲ್ಲ."

"ಹೆಸರು ಕೇಳುದಿಲ್ಲ ಅಕ್ಕ. ಗಂಡೋ ಹೆಣ್ಣೋ, ಅಷ್ಟೆ."

"ಹೆಸರು ಬೇಡ್ವಾ?" ಪೂವಕ್ಕನ ಕಣ್ಣು ತುಂಬಿ ಹರಿಯಿತು, ಅವಳು ಒರೆಸಿಕೊಳ್ಳಲಿಲ್ಲ. "ಹೆಣ್ಣು. ಒಂಬತ್ತು ದಿನ ಇತ್ತು. ಚೆನ್ನಾಗಿ ಹಾಲು ಕುಡೀತಿತ್ತು."

ಹಾಲು ಕುಡಿಯುತ್ತಿದ್ದುದನ್ನು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ. ಎಡ್ನಾ ಎರಡು ಎಂದು ಬರೆದು, ಬದುಕಿರುವವರು ಒಂದು ಎಂದು ಬರೆದಳು.

"ತೋರ್ಸಿ." ಪೂವಕ್ಕ ಬಗ್ಗಿ ನೋಡಿ ಎರಡರ ಕೆಳಗೆ ಬೆರಳಿಟ್ಟಳು. "ಇದು ಎಲ್ಲಿಗೆ ಹೋಗ್ತದೆ?"

"ಆಫೀಸಿಗೆ. ಅಲ್ಲಿಂದ ಕಂಪ್ಯೂಟರಿಗೆ."

"ದಾರಿಯಲ್ಲಿ ಎಲ್ಲಾದ್ರೂ ಕಳ್ಕೊಂಡ್ರೆ ನೋಡಿ ಮತ್ತೆ," ಎಂದಳು ಪೂವಕ್ಕ.