ಫೂಸಿಗೆ ಎರಡೂ ಬೇಕಿತ್ತು

ನನ್ನ ತಮ್ಮನ ಮಗಳು ಫೂಸಿ ಮೆಡಿಕಲ್ ಸೀಟಿಗೆ ಅರ್ಜಿ ಹಾಕಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಕೋಪಕ್ಕೆ. ಸೇವೆ ಮಾಡಬೇಕು ಅಂತ ಅರ್ಜಿ ಹಾಕುವವರನ್ನು ನೋಡಿದ್ದೇನೆ, ಅಪ್ಪ ಅಮ್ಮನ ಕಾಟ ತಾಳಲಾರದೆ ಹಾಕುವವರನ್ನೂ ನೋಡಿದ್ದೇನೆ. ಕೋಪಕ್ಕೆ ಹಾಕಿದವಳು ನಾನು ಕಂಡಂತೆ ಇವಳೊಬ್ಬಳೇ.

ನಾನು ಲೆಸೀಲಿ. ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಮೂವತ್ತೆಂಟು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಫೂಸಿಗೆ ಸೋದರತ್ತೆ. ನಮ್ಮ ಟೋಂಗಾ ದ್ವೀಪದವರಲ್ಲಿ ಸೋದರತ್ತೆ ಅಂದರೆ ಮನೆಗೆಲ್ಲ ಮೇಲು. ಮದುವೆಯಿರಲಿ ಸಾವಿರಲಿ, ಮೊದಲ ಚಾಪೆ ಅವಳಿಗೆ, ಕೊನೆಯ ಮಾತೂ ಅವಳದೇ. ಆ ದೊಡ್ಡಸ್ತಿಕೆಯಿಂದಲೇ ನಾನೂ ಅವಳ ದಾರಿಗೆ ಅಡ್ಡ ನಿಂತೆ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅರ್ಥವಿಲ್ಲ.

ಫೂಸಿ ವಿಜ್ಞಾನದ ಪದವಿ ಮುಗಿಸಿ ನಮ್ಮ ದಕ್ಷಿಣ ಆಕ್ಲೆಂಡಿನ ಒಂದು ಪ್ರೈಮರಿ ಶಾಲೆಯಲ್ಲಿ ಮಕ್ಕಳ ಗಂಟಲು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಳು. ಗಂಟಲು ನೋವು ಅಂತ ಬಂದ ಮಗುವಿಗೆ ಬಾಯಿ ತೆರೆಸಿ, ಹತ್ತಿಕಡ್ಡಿಯಿಂದ ಒರೆಸಿ, ಅದನ್ನು ಲ್ಯಾಬಿಗೆ ಕಳಿಸಬೇಕು. ಕ್ರಿಮಿ ಇದ್ದರೆ ಹತ್ತು ದಿನ ಔಷಧಿ. ಆ ಕ್ರಿಮಿಯನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಹಿಡಿಯುತ್ತದೆ. ಮೊದಲು ಕೀಲು ಊದುತ್ತದೆ, ಆಮೇಲೆ ಹೃದಯದ ಕವಾಟ ಕೆಡುತ್ತದೆ. ಬಿಳಿಯರ ಮಕ್ಕಳಿಗೆ ಅದು ಬರುವುದು ಅಪರೂಪ. ನಮ್ಮ ಮಕ್ಕಳಿಗೆ, ಈ ನೆಲದ ಮೂಲದವರಾದ ಮಾವೋರಿ ಮಕ್ಕಳಿಗೆ, ನಮ್ಮಂತೆಯೇ ದ್ವೀಪದಿಂದ ಬಂದ ಸಮೋವಾದವರ ಮಕ್ಕಳಿಗೆ ಬರುತ್ತದೆ. ನಮ್ಮ ರಕ್ತದಲ್ಲೇ ಏನೋ ದೋಷವಿದೆ ಅಂತ ನರ್ಸಾಗಿದ್ದ ನಾನೇ ಬಹಳ ವರ್ಷ ನಂಬಿದ್ದೆ.

ಆ ವರ್ಷದ ಚಳಿಗಾಲದಲ್ಲಿ, ನಮ್ಮ ಕಡೆ ಅದು ಮೇ ತಿಂಗಳಿಂದ ಆಗಸ್ಟಿನ ತನಕ, ಸೀಲಿಯಾ ಎಂಬ ಒಂಬತ್ತು ವರ್ಷದ ಹುಡುಗಿ ಫೂಸಿಯ ಹತ್ತಿರ ಆರು ಸಲ ಬಂದಳು. ಆರು ಸಲವೂ ಕ್ರಿಮಿ ಇತ್ತು, ಆರು ಸಲವೂ ಔಷಧಿ ಮುಗಿಸಿದ್ದಳು. ನಾಲ್ಕನೇ ಸಲ ಬಂದಾಗ ಫೂಸಿ ತಡೆಯಲಾಗದೆ ಅವಳ ಮನೆಗೇ ಹೋದಳು. ಎರಡು ಕೋಣೆಯ ಬಾಡಿಗೆ ಮನೆ, ಹನ್ನೊಂದು ಜನ. ಹಿಂದಿನ ಕೋಣೆಯ ಗೋಡೆಗೆ ಮಗುವಿನ ಎತ್ತರಕ್ಕೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಸೂರಿನ ಮೂಲೆಯಿಂದ ನೀರು ಜಿನುಗುತ್ತಿತ್ತು. ಇದ್ದ ಒಂದೇ ಹೀಟರನ್ನು ಮುಂದಿನ ಕೋಣೆಯಲ್ಲಿಟ್ಟು ಹನ್ನೊಂದು ಜನವೂ ಅದರ ಸುತ್ತ ಚಾಪೆ ಹಾಸಿ ಮಲಗುತ್ತಿದ್ದರು. ಒಬ್ಬರು ಕೆಮ್ಮಿದರೆ ಹನ್ನೊಂದು ಮುಖಕ್ಕೂ ಗಾಳಿ.

"ಪ್ರತಿ ಶನಿವಾರ ಉಜ್ಜಿ ತೊಳೀತೀನಿ ಕಣಮ್ಮ," ಅಂದಳಂತೆ ಸೀಲಿಯಾಳ ತಾಯಿ ಲಾತು, ನಾಚಿಕೆಯಿಂದ. "ಬುಧವಾರದ ಹೊತ್ತಿಗೆ ಮತ್ತೆ ಬಂದ್ಬಿಡುತ್ತೆ."

ಫೂಸಿ ಮಾರನೇ ದಿನವೇ ಆ ಮನೆಯ ಬಾಡಿಗೆ ಏಜೆಂಟನ ಆಫೀಸಿಗೆ ಹೋದಳು. ಕ್ರಾಡಕ್ ಅಂತ ಅವನ ಹೆಸರು.

"ಕಿಟಕಿ ತೆಗೆದಿಡಬೇಕು," ಅಂದನಂತೆ ಅವನು.

"ಜುಲೈ ಚಳೀಲಾ?"

"ನಿಮ್ಮ ಜನ ದಿನಪೂರ್ತಿ ಕೆಸುವಿನ ಗೆಡ್ಡೆ ಬೇಯಿಸ್ತಾರೆ. ಆ ಆವಿ ಎಲ್ಲಿಗೆ ಹೋಗ್ಬೇಕು ಹೇಳಿ?"

"ಸೂರು ಸೋರ್ತಿರೋದೂ ಗೆಡ್ಡೆಯಿಂದಾನಾ?"

ಅವನು ಪೆನ್ನು ಕೆಳಗಿಟ್ಟ. "ನೀವು ಯಾರು? ಡಾಕ್ಟರಾ?"

"ಅಲ್ಲ. ಶಾಲೇಲಿ ಮಕ್ಕಳ ಗಂಟಲು ನೋಡ್ತೀನಿ."

"ಹಾಗಾದ್ರೆ ಗಂಟಲು ನೋಡ್ಕೊಳ್ಳಿ."

ಆಗಸ್ಟಿನಲ್ಲಿ ಸೀಲಿಯಾಳ ಮೊಣಕಾಲು ಊದಿತು. ಎರಡು ದಿನ ಬಿಟ್ಟು ಇನ್ನೊಂದು ಕಾಲಿನ ಪಾದದ ಕೀಲು. ಆಸ್ಪತ್ರೆಗೆ ಸೇರಿಸಿದರು. ಫೂಸಿ ನೋಡಲು ಹೋದಾಗ ಹಾಸಿಗೆಯ ಪಕ್ಕ ಒಬ್ಬ ಎಳೆಯ ಡಾಕ್ಟರ್ ನಿಂತು ಲಾತುವಿಗೆ ಹೇಳುತ್ತಿದ್ದ: "ಗಂಟಲು ನೋವು ಅಂದ ಕೂಡ್ಲೆ ಕರ್ಕೊಂಡು ಬರ್ಬೇಕಿತ್ತಮ್ಮ. ತಡ ಮಾಡ್ಬಿಟ್ರಿ ನೀವು."

ಲಾತು ತಲೆ ತಗ್ಗಿಸಿ ನಿಂತಿದ್ದಳು. ಫೂಸಿ ತನ್ನ ಚೀಲದಿಂದ ಆರು ಲ್ಯಾಬ್ ಚೀಟಿ ತೆಗೆದು ಒಂದೊಂದಾಗಿ ಹಾಸಿಗೆಯ ಮೇಲಿಟ್ಟಳು. "ಆರು ಸಲ ಬಂದಿದಾಳೆ ಡಾಕ್ಟ್ರೇ. ತಾರೀಖು ಓದಿ. ಯಾರು ತಡ ಮಾಡಿದ್ದು?"

ಅವನ ಮುಖ ಕೆಂಪಾಯಿತು. ಮಾತಾಡಿದ್ದು ಲಾತು. "ಕ್ಷಮಿಸಿ ಡಾಕ್ಟ್ರೇ, ಈ ಹುಡುಗಿಗೆ ಬಾಯಿ ಸ್ವಲ್ಪ ಜೋರು."

ಮಗಳ ಹೃದಯ ಕೆಟ್ಟಿದೆ, ತಪ್ಪು ತನ್ನದಲ್ಲ, ಆದರೂ ಕ್ಷಮೆ ಕೇಳಿದವಳು ಅವಳೇ. ಇದನ್ನೆಲ್ಲ ನನಗೆ ಹೇಳಿದ್ದು ಫೂಸಿಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಹಾಗೆ, ಕೊಳೆತದ್ದು ಗೋಡೆ, ಸೂಜಿ ಹುಡುಗಿಗೆ. ಜ್ವರ ಮರಳದಿರಲಿ ಅಂತ ಇಪ್ಪತ್ತೆಂಟು ದಿನಕ್ಕೊಂದರಂತೆ, ಸೊಂಟಕ್ಕೆ, ಇಪ್ಪತ್ತೊಂದು ವರ್ಷ ತುಂಬುವ ತನಕ.

ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹಾರ್ಗ್ರೀವ್ ಅಂತ ಹಳಬರೊಬ್ಬರಿದ್ದರು. ಮನೆ ರಿಪೇರಿ ಮಾಡಿಸಿ ಅಂತ ಕ್ರಾಡಕ್‌ಗೆ ಕಾಗದ ಬರೆದುಕೊಡಿ ಎಂದು ಫೂಸಿ ಅವರನ್ನು ಕೇಳಿದಳು. ಅವರು ಬರೆದು ಸಹಿ ಹಾಕಿ ಕೊಟ್ಟು, ಮೇಜಿನ ಖಾನೆ ಎಳೆದು ತೋರಿಸಿದರು. ಅಂಥವೇ ಕಾಗದಗಳ ಪ್ರತಿ, ಒಂದು ಕಟ್ಟು.

"ಡಾಕ್ಟರ್ ಬರೆದ್ರೆ ಕೇಳ್ತಾರೆ ಅಂದ್ಕೊಂಡಿದೀಯಾ? ಒಂದು ಮನೆಗೆ ಒಂದು ಕಾಗದ ಬರೆದ್ರೆ ಅವರ ಕಸದ ಬುಟ್ಟಿಗೂ ಒಂದೇ ಕಾಗದ. ಬೀದಿ ಬೀದಿ ಅಳೆದು, ಯಾವ ಮನೇಲಿ ತೇವ, ಯಾವ ಮನೇಲಿ ಜ್ವರ ಅಂತ ಅಧಿಕಾರಿಗಳ ಎದುರಿಗೆ ಹರಡೋರು ಬೇಕು. ನನಗೆ ಆ ವಿದ್ಯೆ ಬರಲ್ಲ. ಅದೇ ಒಂದು ಬೇರೆ ಓದು."

ಮೆಡಿಕಲ್ ಓದುತ್ತಲೇ ನಡುವೆ ಒಂದು ವರ್ಷ ಹೆಚ್ಚಿಗೆ ಓದಿ ಸಾರ್ವಜನಿಕ ಆರೋಗ್ಯದ ಪದವಿಯನ್ನೂ ಪಡೆಯುವ ಜೋಡಿ ಕೋರ್ಸಿದೆ ಎಂದು ಅವಳಿಗೆ ಹೇಳಿದವರು ಅವರೇ.

ಫೂಸಿ ಮನೆಯಲ್ಲಿ ವಿಷಯ ತೆಗೆದದ್ದು ಒಂದು ಭಾನುವಾರ, ಚರ್ಚಿನಿಂದ ಬಂದು ಊಟಕ್ಕೆ ಕೂತಾಗ. ಕೆಸುವಿನೆಲೆಯಲ್ಲಿ ತೆಂಗಿನಹಾಲು, ಮಾಂಸ ಕಟ್ಟಿ ಬೇಯಿಸಿದ ಲೂ ಇನ್ನೂ ಹಬೆಯಾಡುತ್ತಿತ್ತು. ಡಾಕ್ಟರಾಗುತ್ತೇನೆ ಅಂದಾಗ ಬಸ್ ಡ್ರೈವರಾಗಿದ್ದ ನನ್ನ ತಮ್ಮ ಸೇಮಿಸಿಯ ಕಣ್ಣು ತುಂಬಿತು. ಜೋಡಿ ಪದವಿ ಅಂದಾಗ ನಾನು ತಟ್ಟೆ ಸರಿಸಿದೆ.

"ಡಾಕ್ಟರಾಗೋದಾದ್ರೆ ಡಾಕ್ಟರಾಗು. ಅದೇನೇ ಅದು, ಚರಂಡಿ ಎಣಿಸೋಕೆ ಇನ್ನೊಂದು ವರ್ಷ? ಓದಿ ಮುಗಿಸೋ ಹೊತ್ತಿಗೆ ನಿನಗೇ ಯಾರಾದ್ರೂ ಔಷಧಿ ಕೊಡ್ಬೇಕಾಗುತ್ತೆ."

ಎಲ್ಲರೂ ನಕ್ಕರು. ಫೂಸಿ ನಗಲಿಲ್ಲ.

"ಅತ್ತೆ, ಒಂದು ಮಾತು ಕೇಳ್ಲಾ?"

"ಕೇಳು."

"ಮೂವತ್ತೆಂಟು ವರ್ಷದಲ್ಲಿ ಈ ಜ್ವರದ ಸೂಜಿ ಎಷ್ಟು ಮಕ್ಕಳಿಗೆ ಚುಚ್ಚಿದೀರಿ?"

"ಯಾರಿಗ್ಗೊತ್ತು! ನೂರಾರು."

"ಅವರಲ್ಲಿ ಒಬ್ಬರ ಮನೆಗಾದ್ರೂ ಹೋಗಿ, ಎಲ್ಲಿ ಮಲಗ್ತಾರೆ ಅಂತ ನೋಡಿದೀರಾ?"

ಸೇಮಿಸಿಯ ಕೈಯಿಂದ ಚಮಚ ಬಿತ್ತು. ಸೋದರತ್ತೆಗೆ ಎದುರಾಡಿದವರು ನಮ್ಮ ವಂಶದಲ್ಲೇ ಇರಲಿಲ್ಲ. "ಫೂಸೀ!" ಅಂತ ಗದರಿದ. ನಾನು ಊಟ ಬಿಟ್ಟು ಎದ್ದೆ. ಮೂರು ವಾರ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಎದುರಾಡಿದಳೆಂದು ಸಿಟ್ಟು ಅಂತ ಎಲ್ಲರಿಗೂ ಹೇಳಿದೆ. ನಿಜ ಬೇರೆ ಇತ್ತು: ನಾನು ಒಬ್ಬರ ಮನೆಗೂ ಹೋಗಿರಲಿಲ್ಲ. ಮೂವತ್ತೆಂಟು ವರ್ಷ ಮಕ್ಕಳ ಸೊಂಟ ನೋಡಿದ್ದೆ, ಅಷ್ಟೇ.

ಪ್ರವೇಶ ಪರೀಕ್ಷೆಯನ್ನು ಅವಳು ಅಷ್ಟರಲ್ಲೇ ಬರೆದು ಪಾಸಾಗಿದ್ದಳು. ಪರೀಕ್ಷೆ ಬರಿ ಅಂತ ಹಾರ್ಗ್ರೀವ್ ಬಹಳ ದಿನದಿಂದ ಅವಳ ಬೆನ್ನು ಹತ್ತಿದ್ದು, ಅವಳೂ ಮನೆಯಲ್ಲಿ ಹೇಳದೆ ಸುಮ್ಮನೆ ಹೋಗಿ ಬರೆದು ಬಂದದ್ದು ಆಮೇಲೆ ಗೊತ್ತಾಯಿತು. ಸಂದರ್ಶನಕ್ಕೆ ಕರೆ ಬಂತೆಂದು ಕೇಳಿ, ನನ್ನ ತಾಯಿ ಉಡುತ್ತಿದ್ದ ಹೆಣಿಗೆಯ ಸೊಂಟಪಟ್ಟಿಯನ್ನು ಸೇಮಿಸಿಯ ಕೈಲಿ ಕಳಿಸಿದೆ. ದೊಡ್ಡವರ ಎದುರು ಹೋಗುವಾಗ ಅದಿಲ್ಲದೆ ಹೋಗಬಾರದು. ಜೊತೆಗೆ ಮಾತೇನೂ ಕಳಿಸಲಿಲ್ಲ. ಅವಳು ಉಟ್ಟು ಹೋದಳು.

ಒಳಗೆ ಮೂವರಿದ್ದರಂತೆ. ಕೇಳಿದ್ದೆಲ್ಲ ಒಬ್ಬ ವಯಸ್ಸಾದ ಶಸ್ತ್ರವೈದ್ಯ.

"ಎರಡು ದೋಣಿ ಮೇಲೆ ಕಾಲಿಡ್ತಿದೀರಲ್ಲ. ನಿಮಗೆ ರೋಗಿ ಬೇಕೋ, ರಾಜಕೀಯ ಬೇಕೋ?"

"ನನಗೆ ರೋಗ ನಿಲ್ಲೋದು ಬೇಕು ಸರ್."

"ದ್ವೀಪದವರ ಮೀಸಲು ಸೀಟಿಗೆ ಅರ್ಜಿ ಹಾಕಿದೀರಿ. ಮೆಡಿಕಲ್ ಒಂದೇ ಭಾರ ಆಗುತ್ತೆ ಕೆಲವರಿಗೆ. ಎರಡು ನಿಭಾಯಿಸ್ತೀರಾ?"

ಅಲ್ಲಿಗೆ ಫೂಸಿಯ ತಾಳ್ಮೆ ಮುಗಿಯಿತು. "ನನ್ನ ಅಂಕ ನಿಮ್ಮ ಎದುರಿಗೇ ಇದೆ ಸರ್. ಭಾರದ ಮಾತು ಅಂಕ ನೋಡಿ ಕೇಳ್ತಿದೀರೋ, ನನ್ನ ಮುಖ ನೋಡಿ ಕೇಳ್ತಿದೀರೋ?" ಅಂದವಳೇ ಸೀಲಿಯಾಳ ಕಥೆಯನ್ನು ಚೀಟಿ ಚೀಟಿಯಾಗಿ ಹೇಳಿದಳು. ಆ ಮುದುಕ ಕೊನೆಗೆ, "ಕೋಪ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ," ಅಂದನಂತೆ.

ಡಿಸೆಂಬರಿನಲ್ಲಿ ಉತ್ತರ ಬಂತು. ಸೀಟಿಲ್ಲ. ಕಾರಣ ಕೇಳಿ ಫೋನ್ ಮಾಡಿದರೆ, "ಅಭ್ಯರ್ಥಿಗೆ ಸಮಚಿತ್ತ ಸಾಲದು" ಅಂದರು. ಮಗುವಿನ ಹೃದಯ ಕೊಳೆಯುತ್ತಿದ್ದರೂ ಸಮಚಿತ್ತದಿಂದ ನೋಡುತ್ತ ನಿಲ್ಲುವವರೇ ಬೇಕು ಅಂತಾದರೆ, ಅಂಥವಳು ನಾನಿದ್ದೆನಲ್ಲ, ನನ್ನನ್ನೇ ಕರೆಯಬಹುದಿತ್ತು.

ಅದೇ ವಾರ ಲಾತುವಿಗೆ ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂತು. ಮಾಲೀಕರು ಮನೆ ನವೀಕರಿಸುತ್ತಾರಂತೆ. ಡಾಕ್ಟರ್ ಹಾರ್ಗ್ರೀವ್ ಬರೆದ ಕಾಗದಕ್ಕೆ ಕ್ರಾಡಕ್ ಕೊಟ್ಟ ಉತ್ತರ ಅದು. ಹನ್ನೊಂದು ಜನ ಲಾತುವಿನ ಅಣ್ಣನ ಕಾರು ಶೆಡ್ಡಿಗೆ ಹೋದರು. ಕಾಂಕ್ರೀಟು ನೆಲ, ಹೀಟರೂ ಇಲ್ಲ.

"ನನ್ನಿಂದಾನೇ ಆಗಿದ್ದು ಅತ್ತೆ," ಅಂತ ಫೂಸಿ ನಮ್ಮ ಮನೆಗೆ ಬಂದು ಅತ್ತಳು. ಒಳಗೊಳಗೇ ಉಳಿದಿದ್ದ ಮುನಿಸು ಅಲ್ಲಿಗೆ ಮುಗಿಯಿತು. ಫೆಬ್ರವರಿಯಲ್ಲಿ ಒಂದು ದಿನ ಇಬ್ಬರೂ ಕಾರಿನಲ್ಲಿ ಆ ಬೀದಿಯಲ್ಲಿ ಹೋದೆವು. ಸೀಲಿಯಾ ಇದ್ದ ಮನೆಗೆ ಹೊಸ ಸೂರು ಹಾಕಿದ್ದರು. ಕೆಲಸದವರು ಚಳಿ ತಡೆಯಲು ಗೋಡೆಯೊಳಗೆ ತುಂಬುವ ದಪ್ಪನೆಯ ಉಣ್ಣೆಯ ಸುರುಳಿಗಳನ್ನು ಹೊತ್ತು ಒಳಗೆ ಸಾಗಿಸುತ್ತಿದ್ದರು. ಹಾಗಾದರೆ ಮಾಡಿಸಲು ಆಗುತ್ತಿತ್ತು! ಯಾವತ್ತು ಬೇಕಾದರೂ ಆಗುತ್ತಿತ್ತು. ಆ ಹುಡುಗಿ ಅಲ್ಲಿರುವ ತನಕ ಮಾತ್ರ ಆಗಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಕಾರಿನಿಂದಿಳಿದು ಆ ಬೀದಿಯ ನಡುವೆ ನಿಂತು, ಅರವತ್ತಾರು ವರ್ಷದ ನಾನು, ಚರ್ಚಿನ ಹೆಂಗಸರ ಮುಂದಾಳು, ಬಾಯಿಗೆ ಬಂದದ್ದು ಬೈದೆ. ಕೆಲಸದವರು ಪಾಪ, ಕಕ್ಕಾಬಿಕ್ಕಿಯಾಗಿ ನೋಡಿದರು.

"ಅತ್ತೆ, ಸಮಚಿತ್ತ," ಅಂದಳು ಫೂಸಿ. ಅಷ್ಟು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ನಾನು ಸೋದರತ್ತೆಯ ದೊಡ್ಡಸ್ತಿಕೆಯನ್ನು ಅದಕ್ಕೆ ತಕ್ಕ ಕೆಲಸಕ್ಕೆ ಹಚ್ಚಿದೆ. ಚರ್ಚಿನ ಹದಿನಾಲ್ಕು ಹೆಂಗಸರನ್ನು ಕೂಡಿಸಿದೆ. ಫೂಸಿ ಒಬ್ಬೊಬ್ಬರ ಕೈಗೂ ತೇವ ಅಳೆಯುವ ಸಣ್ಣ ಯಂತ್ರ ಕೊಟ್ಟು, ಎಲ್ಲಿ ಇಡಬೇಕು, ಏನು ಕೇಳಬೇಕು, ಏನು ಕೇಳಬಾರದು ಎಲ್ಲ ಕಲಿಸಿದಳು. ನಾಲ್ಕು ಬೀದಿ, ನೂರ ಹನ್ನೆರಡು ಮನೆ. ಅವಳೊಬ್ಬಳೇ ಹೋಗಿದ್ದರೆ ಜನ ಬಾಗಿಲು ತೆಗೆಯುತ್ತಿರಲಿಲ್ಲ. ಗೋಡೆಯ ಬೂಷ್ಟನ್ನು ಹೊರಗಿನವರಿಗೆ ಯಾರು ತೋರಿಸುತ್ತಾರೆ? ನನ್ನ ಮುಖ ನೋಡಿ ತೆಗೆದರು. ಅವರಲ್ಲಿ ಮೂವರಿಗೆ, ಅವರು ಚಿಕ್ಕವರಿದ್ದಾಗ, ನಾನೇ ಸೂಜಿ ಚುಚ್ಚಿದ್ದೆ. ಈಗ ಅವರ ಮಕ್ಕಳು ಅದೇ ಸೂಜಿಗೆ ಹೋಗುತ್ತಿದ್ದರು.

ಎಲ್ಲ ಮುಗಿಸಿ ಫೂಸಿ ನಕ್ಷೆ ಬರೆದಳು. ಆ ಬೀದಿಗಳಲ್ಲಿ ಜ್ವರ ಬಂದ ಮಕ್ಕಳು ಹತ್ತೊಂಬತ್ತು. ಹದಿನೇಳು ಮಕ್ಕಳು ಒದ್ದೆ ಮನೆಯವರು. ಆ ಒದ್ದೆ ಮನೆಗಳಲ್ಲಿ ಒಂಬತ್ತು ಕ್ರಾಡಕ್‌ನ ಕೈಯಲ್ಲಿದ್ದವು. ನಕ್ಷೆ ಹಿಡಿದು ನಾವು ಹದಿನಾರು ಹೆಂಗಸರು ಬಾಡಿಗೆ ಮನೆಗಳ ತಪಾಸಣೆಯ ಅಧಿಕಾರಿಗಳ ಮುಂದೆ ಹೋಗಿ ಕೂತೆವು. ಎದ್ದು ಹೋಗಿ ಅನ್ನುವ ಧೈರ್ಯ ಅವರಿಗೆ ಬರಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಇಪ್ಪತ್ತಮೂರು ಮನೆಗಳ ಸೂರು ರಿಪೇರಿಯಾಯಿತು. ಉಳಿದವಕ್ಕೆ "ಪರಿಶೀಲನೆಯಲ್ಲಿದೆ" ಅನ್ನುತ್ತಾರೆ, ಇವತ್ತಿಗೂ ಅದನ್ನೇ ಅನ್ನುತ್ತಾರೆ. ಲಾತುವಿನ ಮನೆಯವರಿಗೆ ಎಂಟು ತಿಂಗಳ ಶೆಡ್ಡಿನ ವಾಸದ ನಂತರ ಸರ್ಕಾರದ ಒಣ ಮನೆ ಸಿಕ್ಕಿತು. ಕ್ರಾಡಕ್‌ಗೆ ಏನಾಯಿತು ಅಂತ ಕೇಳುತ್ತೀರಿ. ಏನೂ ಆಗಲಿಲ್ಲ.

ಮರುವರ್ಷ ಫೂಸಿ ಮತ್ತೆ ಅರ್ಜಿ ಹಾಕಿದಳು, ಮತ್ತೆ ಎರಡಕ್ಕೂ. ಒಳಗೆ ಅದೇ ಶಸ್ತ್ರವೈದ್ಯ.

"ಇನ್ನೂ ಎರಡೂ ಬೇಕಾ?"

"ಬೇಕು ಸರ್."

"ಕೋಪ ಕಡಿಮೆ ಆಯ್ತಾ?"

"ಇಲ್ಲ ಸರ್. ಈ ಸಲ ಅದರ ನಕ್ಷೆ ತಂದಿದೀನಿ," ಅಂತ ಮೇಜಿನ ಮೇಲೆ ಬಿಡಿಸಿಟ್ಟಳಂತೆ. ಆತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಪಕ್ಕದಲ್ಲಿ ಬರೆದಿದ್ದ ವಯಸ್ಸು, ಆಪರೇಷನ್ ತಾರೀಖು ನೋಡಿ, ಆ ಹತ್ತೊಂಬತ್ತರಲ್ಲಿ ಇಬ್ಬರು ಮಕ್ಕಳ ಕವಾಟ ತಾನೇ ಹೊಲಿದದ್ದು ಅಂತ ಮೆಲ್ಲಗೆ ಹೇಳಿದನಂತೆ. ಅವರ ಮನೆ ಎಲ್ಲಿದೆ ಅಂತ ಅಲ್ಲಿಯ ತನಕ ಅವನಿಗೂ ಗೊತ್ತಿರಲಿಲ್ಲ.

ಸೀಟು ಬಂತು, ಎರಡೂ ಸೇರಿ. ಅವಳೀಗ ಮೂರು ವರ್ಷದ ಮೆಡಿಕಲ್ ಮುಗಿಸಿ ಸಾರ್ವಜನಿಕ ಆರೋಗ್ಯದ ವರ್ಷ ಓದುತ್ತಿದ್ದಾಳೆ. ಚರಂಡಿ ಎಣಿಸುತ್ತಿದ್ದಾಳಾ ಅಂತ ಚರ್ಚಿನಲ್ಲಿ ಯಾರೋ ನಗೆಯಾಡಿದರು. ನಾನು ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿದರು. ಸೀಲಿಯಾಳಿಗೆ ಹನ್ನೆರಡನೇ ವಯಸ್ಸಿನಲ್ಲಿ ಕವಾಟದ ಆಪರೇಷನ್ ಆಯಿತು. ಬದುಕಿದ್ದಾಳೆ, ಓದುತ್ತಿದ್ದಾಳೆ, ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಒಮ್ಮೆ ನಿಲ್ಲುತ್ತಾಳೆ. ಹಿಂದೆ ಬರುವವರು, "ಬೇಗ ಹತ್ತೇ," ಅಂದರೆ ಲಾತು ಈಗ ತಲೆ ತಗ್ಗಿಸುವುದಿಲ್ಲ. "ನಿಂತ್ಕೊಳ್ಳಿ," ಅನ್ನುತ್ತಾಳೆ, "ಅವಳು ಹತ್ತಿದ ಮೇಲೆ ನೀವು ಹತ್ತೋರಂತೆ."