ಹರಾಜಿನಲ್ಲಿ ಉಳಿದ ತರಂಗಗಳು

ನಾನು ಕೊಕ್ಕರ್ಣೆಯ ಚಿಕ್ಕಮ್ಮನ ಮನೆಗೆ ಹೋದಾಗ ಅಂಗಳದ ಮಿಡಿಮಾವಿನ ಮರದ ಕೊಂಬೆಗಳನ್ನು ಆಗಲೇ ಕಡಿಸಿದ್ದರು. ಬಾಣಂತನಕ್ಕೆ ಬಂದಿದ್ದ, ನನಗೆ ಅಕ್ಕನಾಗಬೇಕಾದ ಅವರ ಮಗಳಿಗೆ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತ್ತು. ಆದರೆ ನೆಟ್ ಪದೇ ಪದೇ ಹೋಗುತ್ತಿತ್ತು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಟವರಿಗೆ ಮರವೇ ಅಡ್ಡ ಎಂಬುದು ಚಿಕ್ಕಮ್ಮನ ನಂಬಿಕೆ.

"ನೀ ಓದದ್ ಇದನ್ನೇ ಅಲ್ದಾ? ಬುಡಕ್ಕೇ ಕಡ್ಸಿರೆ ನೆಟ್ ಬತ್ತಾ?" ಎಂದು ನನ್ನನ್ನು ಕೇಳಿದರು.

ಮರದ ಹಿಂದೆ ಗುಡ್ಡವೂ ಇದೆ ಎಂದೆ. ಗುಡ್ಡ ಬಳಸಿ ದೂರ ಹೋಗಬಲ್ಲ ರೇಡಿಯೋ ತರಂಗಗಳೂ ಇವೆ, ಅವನ್ನು ಬಳಸುವ ಹಕ್ಕನ್ನು ಸರ್ಕಾರ ಹರಾಜಿಗಿಟ್ಟಾಗ ಬೆಲೆ ಹೆಚ್ಚಾಯಿತೆಂದು ಮೊಬೈಲ್ ಕಂಪನಿಗಳು ಒಂದಷ್ಟನ್ನು ಕೊಳ್ಳದೆ ಬಿಟ್ಟವು ಎಂದೂ ವಿವರಿಸಿದೆ.

"ಯಾರಿಗೂ ಬ್ಯಾಡ್ದೆ ಸುಮ್ನೆ ಬಿದ್ಕಂಡಿತ್ತಾ? ಹಂಗಾರೆ ನಮ್ಗೆ ಕೊಟ್ರೆ ಅವ್ರಿಗೆ ಎಂತ ಆತ್ತ್, ಮಾರಾಯ್ತಿ?"

ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯ ಪೂರ್ತಿ ಇದರ ಬಗ್ಗೆಯೇ ಇತ್ತು. ನಾನು ಕಡಿದ ಕೊಂಬೆಯೊಂದನ್ನು ದಾರಿಯಿಂದ ಪಕ್ಕಕ್ಕೆ ಎಳೆದೆ.

ಮಗುವಿಗೆ ಹಾಲೂಡಿಸುತ್ತಿದ್ದ ಅಕ್ಕ ಒಳಗಿನಿಂದಲೇ, "ಅವ್ಳನ್ ಬಿಡ್ ಅಮ್ಮ, ಹರಾಜ್ ಕೂಗದ್ ಅವ್ಳಲ್ಲ" ಎಂದಳು.

ಮರುವಾರ ಮರವನ್ನು ಬುಡಕ್ಕೇ ಕಡಿಸಿದರು. ಅಂಗಳಕ್ಕೆ ಬಿಸಿಲು ಬಂತು, ಸಿಗ್ನಲ್ ಬರಲಿಲ್ಲ. ತಿಂಗಳು ಮುಗಿದ ಮೇಲೆ ಅಕ್ಕ ಕಂಪನಿಯ ಲ್ಯಾಪ್‌ಟಾಪನ್ನು ಮಗುವಿನ ಬಟ್ಟೆಯಲ್ಲಿ ಸುತ್ತಿ, ಕೊರಿಯರಿಗೆ ಹಾಕಲು ನನ್ನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಬ್ರಹ್ಮಾವರ ಹತ್ತಿರವಾದಂತೆ ನನ್ನ ಮೊಬೈಲಿನಲ್ಲಿ ಸಿಗ್ನಲಿನ ಗೆರೆಗಳೆಲ್ಲ ತುಂಬಿದವು.